ಹಳೆಯ ಮೇನ್‌ಫ್ರೇಮ್ ಸಬ್‌ಸಿಸ್ಟಮ್: ಇಟ್ಟುಕೊಳ್ಳುವುದೋ, ಸಾಗಿಸುವುದೋ? ಖರ್ಚನ್ನು ತೂಗಿ ನೋಡುವ ಬಗೆ

ದೊಡ್ಡ ಸಂಸ್ಥೆಗಳ ಕೇಂದ್ರ ಕಂಪ್ಯೂಟರಾದ ಮೇನ್‌ಫ್ರೇಮಿನಿಂದ ಒಂದು ಸಬ್‌ಸಿಸ್ಟಮ್ಮನ್ನು, ಅಂದರೆ ಡೇಟಾಬೇಸಿನಂಥ ಒಂದು ತಂತ್ರಾಂಶ ಭಾಗವನ್ನು, ಹೊರಗೆ ಸಾಗಿಸುವ ಪ್ರಸ್ತಾವ ಬಂದಾಗ ಮೊದಲ ಸಭೆಯಲ್ಲಿ ಪರದೆಯ ಮೇಲೆ ಮೂಡುವುದು ಎರಡೇ ಅಂಕಿ. ಈಗ ವರ್ಷಕ್ಕೆ ಆಗುತ್ತಿರುವ ಖರ್ಚು ಒಂದು, ಹೊಸ ಜಾಗದಲ್ಲಿ ಆಗಲಿರುವ ಖರ್ಚು ಇನ್ನೊಂದು. ಎರಡನೆಯದು ಚಿಕ್ಕದಾಗಿರುತ್ತದೆ, ಮೊದಲನೆಯದರಿಂದ ಕಳೆದರೆ ಸಿಗುವುದು ಉಳಿತಾಯ. ಈ ಲೆಕ್ಕವನ್ನು ನಾನು ಹಲವು ಸಲ ಕಂಡಿದ್ದೇನೆ, ಒಮ್ಮೆ ನಾನೇ ಬರೆದೂ ಕೊಟ್ಟಿದ್ದೇನೆ. ಅದರಲ್ಲಿ ಎರಡು ದೋಷಗಳಿರುತ್ತವೆ. ಮೊದಲ ಅಂಕಿ ಹೆಚ್ಚಿನ ಸಲ ಉಬ್ಬಿರುತ್ತದೆ. ಹಳೆಯದು ನಿಲ್ಲುವವರೆಗೆ ಹಳೆಯದನ್ನೂ ಹೊಸದನ್ನೂ ಒಟ್ಟಿಗೆ ನಡೆಸುವ ಖರ್ಚು ಎಂಬ ಮೂರನೆಯ ಅಂಕಿ ಇರುವುದೇ ಇಲ್ಲ. ಯಾವ ದಾರಿ ಹಿಡಿಯಬೇಕೆಂಬುದನ್ನು ಬಹುಪಾಲು ನಿರ್ಧರಿಸುವುದು ಈ ಎರಡು ಸಂಗತಿಗಳೇ. ಆದ್ದರಿಂದ ದಾರಿಗಳ ಹೋಲಿಕೆಗೆ ಮೊದಲು ಇವುಗಳನ್ನು ನೋಡೋಣ.

ಹಳೆಯದು ಎಂದರೆ ಏನು ಹಳೆಯದು?

ಐಬಿಎಂ ತನ್ನ ಸಿಸ್ಟಮ್/360 ಸರಣಿಯನ್ನು ಪ್ರಕಟಿಸಿದ್ದು 1964ರ ಏಪ್ರಿಲ್‌ನಲ್ಲಿ. ಅಪೊಲೊ ಯೋಜನೆಯ ಬಿಡಿಭಾಗಗಳ ಪಟ್ಟಿಯನ್ನು ನಿಭಾಯಿಸಲು ಹುಟ್ಟಿಕೊಂಡ ಐಎಂಎಸ್ ಡೇಟಾಬೇಸ್ 1968ರಲ್ಲಿ ಚಾಲೂ ಆಯಿತು, ಆನ್‌ಲೈನ್ ವಹಿವಾಟುಗಳನ್ನು ನಡೆಸುವ ಸಿಐಸಿಎಸ್ 1969ರಲ್ಲಿ ಬಂತು. ಎರಡೂ ಇಂದಿನ ಯಂತ್ರಗಳ ಮೇಲೆ ಇಂದಿಗೂ ಓಡುತ್ತಿವೆ, ತಯಾರಕರ ಬೆಂಬಲವೂ ಇದೆ. ಹುಟ್ಟಿದ ವರ್ಷ ನೋಡಿ ಮನೆಯಿಂದ ಹೊರಗೆ ಹಾಕುವ ವಸ್ತುಗಳಲ್ಲ ಇವು.

ಮುಪ್ಪು ಮೂರು ಬಗೆಯದು. ತಯಾರಕರು ಬೆಂಬಲ ನಿಲ್ಲಿಸಿರಬಹುದು. ಅದನ್ನು ಬಲ್ಲ ಜನ ನಿವೃತ್ತರಾಗುತ್ತಿರಬಹುದು. ಅಥವಾ ಹೊಸ ಕೆಲಸ ಕೊಟ್ಟರೆ ಅದಕ್ಕೆ ಆಗದೇ ಇರಬಹುದು. ಬೆಂಬಲ ನಿಂತಿದ್ದರೆ ಹೊರಡಲೇಬೇಕು, ಉಳಿಯುವ ಪ್ರಶ್ನೆ ಎಲ್ಲಿಗೆ ಎಂಬುದಷ್ಟೇ. ಹೊಸ ಕೆಲಸಕ್ಕೆ ಒಗ್ಗುತ್ತಿಲ್ಲವೆಂದಾದರೆ ಹೊರಗಿನ ತಂತ್ರಾಂಶಗಳು ಅದರೊಡನೆ ಮಾತನಾಡಲು ಬಾಗಿಲಿನಂಥ ಒಂದು ಎಪಿಐ ಪದರವನ್ನು ಅದರ ಮುಂದೆ ಕಟ್ಟಿದರೆ ಸಾಕಾಗುತ್ತದೆಯೇ ಎಂದು ಮೊದಲು ನೋಡಿ. ಜನ ಸಿಗದಿರುವುದು ನಿಜವಾದ ಅಪಾಯ. 2020ರ ಏಪ್ರಿಲ್‌ನಲ್ಲಿ ನಿರುದ್ಯೋಗ ಭತ್ಯೆಯ ಅರ್ಜಿಗಳ ಪ್ರವಾಹ ಬಂದಾಗ ಅಮೆರಿಕದ ನ್ಯೂಜೆರ್ಸಿ ರಾಜ್ಯದ ಗವರ್ನರ್, ಕೋಬಾಲ್ ಎಂಬ ಹಳೆಯ ಪ್ರೋಗ್ರಾಮಿಂಗ್ ಭಾಷೆ ಬಲ್ಲ ಸ್ವಯಂಸೇವಕರು ಬೇಕೆಂದು ಬಹಿರಂಗವಾಗಿ ಕೇಳಬೇಕಾಯಿತು. ಆದರೆ ಇದಕ್ಕೆ ಮದ್ದು ಸ್ಥಳಾಂತರವೊಂದೇ ಎಂದು ತೀರ್ಮಾನಿಸುವ ಮುನ್ನ ಇಬ್ಬರು ಮೂವರು ಕಿರಿಯರನ್ನು ಆರಿಸಿ, ಹಿರಿಯರು ಇರುವಾಗಲೇ ಅವರ ಜೊತೆ ಎರಡು ವರ್ಷ ಕೂರಿಸಲು ತಗಲುವ ಖರ್ಚನ್ನು ಬರೆದು ನೋಡಿ. ಸ್ಥಳಾಂತರದ ಬಜೆಟ್ಟಿನ ಮುಂದೆ ಅದು ಚಿಲ್ಲರೆ ಹಣ. ಸ್ಥಳಾಂತರ ಮಾಡುವುದಿದ್ದರೂ ಆ ಕಿರಿಯರು ಬೇಕೇ ಬೇಕು, ಏಕೆಂದರೆ ಹಳೆಯದನ್ನು ಓದಲು ಬಾರದವರು ಅದನ್ನು ಸಾಗಿಸಲಾರರು.

ಬಿಲ್ಲು ನಿಜವಾಗಿ ಎಷ್ಟು ಇಳಿಯುತ್ತದೆ?

ಇಲ್ಲಿ ನಿಧಾನಿಸಬೇಕು, ಏಕೆಂದರೆ ಜನ ಕೈ ಸುಟ್ಟುಕೊಳ್ಳುವುದು ಇಲ್ಲಿಯೇ.

ಸಂಸ್ಥೆಯೊಳಗೆ ಮೇನ್‌ಫ್ರೇಮ್ ಖರ್ಚನ್ನು ಇಲಾಖೆಗಳಿಗೆ ಹಂಚುವುದು ಸಾಮಾನ್ಯವಾಗಿ ಸಿಪಿಯು ಬಳಕೆಯ ಪ್ರಮಾಣದಲ್ಲಿ. ನಿಮ್ಮ ಸಬ್‌ಸಿಸ್ಟಮ್ ಒಟ್ಟು ಸಿಪಿಯುವಿನ ಶೇ 18ರಷ್ಟು ಬಳಸಿದರೆ ಒಟ್ಟು ಖರ್ಚಿನ ಶೇ 18 ನಿಮ್ಮ ತಲೆಗೆ. ಆದರೆ ಅದನ್ನು ತೆಗೆದು ಹಾಕಿದ ಮಾತ್ರಕ್ಕೆ ಅಷ್ಟೂ ಹಣ ಉಳಿಯುವುದಿಲ್ಲ. ಯಂತ್ರ ಅಲ್ಲೇ ಇರುತ್ತದೆ. ಆಪರೇಟಿಂಗ್ ಸಿಸ್ಟಮ್, ಬ್ಯಾಕಪ್, ಭದ್ರತಾ ತಂತ್ರಾಂಶ, ರಾತ್ರಿ ಪಾಳಿಯ ಆಪರೇಟರುಗಳು ಎಲ್ಲವೂ ಅಲ್ಲೇ ಇರುತ್ತವೆ. ನೀವು ಹೊರುತ್ತಿದ್ದ ಪಾಲು ಉಳಿದ ಇಲಾಖೆಗಳ ಹೆಗಲಿಗೆ ಹೋಗುತ್ತದೆ, ಸಂಸ್ಥೆಯ ಒಟ್ಟು ಖರ್ಚು ಹೆಚ್ಚುಕಡಿಮೆ ಮೊದಲಿನಷ್ಟೇ ಉಳಿಯುತ್ತದೆ.

ತಂತ್ರಾಂಶದ ಮಾಸಿಕ ಶುಲ್ಕದ ಕಥೆ ಇನ್ನೂ ಸೂಕ್ಷ್ಮ. ಐಬಿಎಂನ ಹಳೆಯ ಶುಲ್ಕ ಪದ್ಧತಿಯಲ್ಲಿ ತಿಂಗಳ ಬಿಲ್ಲು ನಿಲ್ಲುವುದು ಉರುಳುವ ನಾಲ್ಕು ಗಂಟೆಯ ಸರಾಸರಿಯ ಮೇಲೆ, ಅಂದರೆ ಯಾವುದೇ ಕ್ಷಣದಲ್ಲಿ ಅದರ ಹಿಂದಿನ ನಾಲ್ಕು ಗಂಟೆಗಳ ಸರಾಸರಿ ಸಿಪಿಯು ಬಳಕೆಯ ಮೇಲೆ. ಇಡೀ ತಿಂಗಳಲ್ಲಿ ಆ ಸರಾಸರಿ ಎಲ್ಲಿ ಅತಿ ಎತ್ತರಕ್ಕೆ ಮುಟ್ಟಿತೋ ಆ ಶಿಖರಕ್ಕೆ ದುಡ್ಡು. ನಿಮ್ಮ ಸಬ್‌ಸಿಸ್ಟಮ್ ಬೆವರು ಸುರಿಸುವುದು ರಾತ್ರಿ ಎರಡು ಗಂಟೆಯ ಬ್ಯಾಚಿನಲ್ಲಿ (ಪರದೆಯ ಮುಂದೆ ಯಾರೂ ಕೂರದೆ ಸಾಲಾಗಿ ಓಡುವ ಕೆಲಸಗಳು, ಅಂದರೆ ಜಾಬುಗಳು), ಯಂತ್ರದ ಶಿಖರ ಬೀಳುವುದು ಬೆಳಗ್ಗೆ ಹನ್ನೊಂದಕ್ಕೆ ಎಂದಾದರೆ, ಅದನ್ನು ಪೂರ್ತಿ ಕಿತ್ತು ಹಾಕಿದರೂ ಈ ಬಾಬ್ತಿನಲ್ಲಿ ಬಿಲ್ಲು ಕದಲುವುದಿಲ್ಲ. 2019ರಲ್ಲಿ ಬಂದ ಐಬಿಎಂನ ಟೈಲರ್ಡ್ ಫಿಟ್ ಪ್ರೈಸಿಂಗ್‌ನಂಥ ಬಳಕೆ ಆಧಾರಿತ ಒಪ್ಪಂದವಿದ್ದರೆ ರಾತ್ರಿಯ ಬಳಕೆಯೂ ಲೆಕ್ಕಕ್ಕೆ ಬರುತ್ತದೆ. ಆದರೆ ಒಪ್ಪಂದದಲ್ಲಿ ಕನಿಷ್ಠ ಬಳಕೆಯ ಬದ್ಧತೆ ಇದ್ದರೆ ಅದು ಮುಗಿಯುವವರೆಗೆ ಉಳಿತಾಯ ಕಾಗದದ ಮೇಲೆ ಮಾತ್ರ. ಯಾವ ಪದ್ಧತಿ ಎಂಬುದು ನಿಮ್ಮ ಖರೀದಿ ವಿಭಾಗದ ಕಡತದಲ್ಲಿದೆ. ಬಳಕೆಯ ನಿಜಸ್ಥಿತಿ ಮೇನ್‌ಫ್ರೇಮ್ ತಾನೇ ಬರೆದಿಡುವ ಎಸ್‌ಎಂಎಫ್ ದಾಖಲೆಗಳಲ್ಲಿದೆ: ಶಿಖರ ತಿಳಿಯಲು 70ನೇ ಬಗೆಯವು, ಒಂದೊಂದು ಜಾಬಿನ ಬಳಕೆ ತಿಳಿಯಲು 30ನೇ ಬಗೆಯವು. ಒಂದು ವರ್ಷದ ದಾಖಲೆ ತೆಗೆಸಿ, ಶಿಖರದ ಆ ನಾಲ್ಕು ಗಂಟೆಗಳಲ್ಲಿ ನಿಮ್ಮ ಪಾಲೆಷ್ಟು ಎಂದು ನೋಡಿ. ಇದು ಒಬ್ಬರು ಕೂತು ಮಾಡಬಹುದಾದ ಕೆಲಸ. ಇದನ್ನು ಮಾಡದೆ ಸಲಹೆಗಾರರನ್ನು ಕರೆಸಬೇಡಿ.

ಒಂದು ಕಾಲ್ಪನಿಕ ಲೆಕ್ಕ ಹಾಕೋಣ. ಮೇನ್‌ಫ್ರೇಮಿನ ಒಟ್ಟು ವಾರ್ಷಿಕ ಖರ್ಚು 100 ಎಂದಿರಲಿ. ಹಂಚಿಕೆಯ ಪ್ರಕಾರ ನಿಮ್ಮ ಪಾಲು 18. ಒಂದೊಂದನ್ನೂ ಬಿಡಿಸಿ ನೋಡಿದಾಗ ನಿಜವಾಗಿ ತಪ್ಪುವ ಖರ್ಚು ಹೀಗೆ ಬಂತೆನ್ನಿ: ಸಬ್‌ಸಿಸ್ಟಮ್ಮಿನ ಸ್ವಂತ ಲೈಸೆನ್ಸ್ 4, ಶಿಖರ ಇಳಿದುದರಿಂದ 3, ಡಿಸ್ಕ್ ಮತ್ತು ಟೇಪ್ 1, ಜನ 2. ಒಟ್ಟು 10. ಹೊಸ ಕಡೆ ವರ್ಷಕ್ಕೆ 5. ಯೋಜನೆಯ ಖರ್ಚು 30, ಎರಡನ್ನೂ ಒಟ್ಟಿಗೆ ನಡೆಸುವ ಕಾಲ ಮೂರು ವರ್ಷ. ಆ ಮೂರು ವರ್ಷ ಹಳೆಯ ಖರ್ಚು ಹಾಗೇ ಇದ್ದು, ಅದರ ಮೇಲೆ ಹೊಸ ಕಡೆಯ ಐದೈದು ಸೇರುತ್ತದೆ. ಹಾಗಾಗಿ ಹಳೆಯದನ್ನು ನಿಲ್ಲಿಸುವ ದಿನಕ್ಕೆ ನೀವು ಸುರಿದದ್ದು 45. ಅಲ್ಲಿಂದ ವರ್ಷಕ್ಕೆ ಉಳಿಯುವುದು 5. ಹಾಕಿದ ಹಣ ಹಿಂದೆ ಬರಲು ಒಂಬತ್ತು ವರ್ಷ ಬೇಕು. ಹಂಚಿಕೆಯ 18ನ್ನೇ ನಂಬಿದ್ದರೆ ಇದೇ ಲೆಕ್ಕ ಮೂರೂವರೆ ವರ್ಷ ಎನ್ನುತ್ತಿತ್ತು. ಯೋಜನೆ ಎರಡು ವರ್ಷ ತಡವಾಗಿ, ತಂಡಕ್ಕೆ ವರ್ಷಕ್ಕೆ 8ರಂತೆ ಕೊಡುತ್ತಾ ಹೋದರೆ 45 ಇದ್ದದ್ದು 71 ಆಗುತ್ತದೆ (ತಂಡಕ್ಕೆ 16, ಹೊಸ ಕಡೆಗೆ ಇನ್ನೂ 10), ಒಂಬತ್ತು ವರ್ಷ ಹದಿನಾಲ್ಕಕ್ಕೆ ಏರುತ್ತದೆ.

ಇದರಿಂದ ಕಾಣುವ ಇನ್ನೊಂದು ಮಾತು: ಯಂತ್ರದಿಂದ ಮೊದಲು ಹೊರಡುವ ಸಬ್‌ಸಿಸ್ಟಮ್ಮಿನ ಉಳಿತಾಯ ಅತಿ ಕಡಿಮೆ, ಕೊನೆಗೆ ಹೊರಡುವುದರ ಉಳಿತಾಯ ಅತಿ ಹೆಚ್ಚು, ಏಕೆಂದರೆ ಅದರ ಹಿಂದೆಯೇ ಯಂತ್ರವೂ ಹೊರಡುತ್ತದೆ. ಸಂಸ್ಥೆ ಇಡೀ ಮೇನ್‌ಫ್ರೇಮನ್ನು ಮುಚ್ಚುವ ನಿರ್ಧಾರ ಮಾಡಿದೆಯೇ ಇಲ್ಲವೇ ಎಂಬುದನ್ನು ಮೇಲಿನವರು ಕಡ್ಡಿ ಮುರಿದಂತೆ ಹೇಳಬೇಕು. ಅಡ್ಡಗೋಡೆಯ ಮೇಲೆ ದೀಪವಿಟ್ಟಂತೆ ಮಾತನಾಡಿದರೆ ಒಂದು ಸಬ್‌ಸಿಸ್ಟಮ್ಮಿನ ಲೆಕ್ಕ ಹಾಕಲು ಆಧಾರವೇ ಇರುವುದಿಲ್ಲ.

ಈಗ ದಾರಿಗಳು

ಇದ್ದಲ್ಲೇ ಇಟ್ಟು, ಮುಂದೆ ಎಪಿಐ ಪದರ ಕಟ್ಟುವುದು ಅತಿ ಅಗ್ಗದ ದಾರಿ. ಬೆಂಬಲ ಇನ್ನೂ ಇರುವ ಉತ್ಪನ್ನಕ್ಕೆ ನನ್ನ ಮೊದಲ ಸಲಹೆ ಯಾವಾಗಲೂ ಇದೇ. ಮುಂದೆಂದಾದರೂ ಸಾಗಿಸುವುದಾದರೂ ಈ ಪದರ ವ್ಯರ್ಥವಾಗುವುದಿಲ್ಲ. ಹೊರಗಿನವರೆಲ್ಲ ಒಂದೇ ಬಾಗಿಲಿನಿಂದ ಬರುವ ಹಾಗಾದರೆ, ನಾಳೆ ಬಾಗಿಲಿನ ಹಿಂದೆ ಏನನ್ನು ಬದಲಾಯಿಸಿದರೂ ಅವರಿಗೆ ತಿಳಿಯುವುದಿಲ್ಲ.

ಅದೇ ಯಂತ್ರದೊಳಗೆ ಬೇರೆ ಡೇಟಾಬೇಸಿಗೆ ಹೋಗುವುದು, ಉದಾಹರಣೆಗೆ ಮರದಂತೆ ಕವಲೊಡೆಯುವ ರಚನೆಯ, ಐಎಂಎಸ್‌ನಂಥ ಹಳೆಯ ಡೇಟಾಬೇಸಿನಿಂದ, ದತ್ತಾಂಶವನ್ನು ಕೋಷ್ಟಕಗಳಲ್ಲಿಡುವ ರಿಲೇಷನಲ್ ಡೇಟಾಬೇಸಾದ ಡಿಬಿ2ಗೆ ಹೋಗುವುದು, ಹಲವರಿಗೆ ಹೊಳೆಯುವುದೇ ಇಲ್ಲ. ಹೊಳೆಯಬೇಕು. ಅಕ್ಷರ ಸಂಕೇತ, ಸಂಖ್ಯೆಯ ರೂಪ, ಜಾಬುಗಳನ್ನು ಓಡಿಸುವ ಆದೇಶಗಳ ಭಾಷೆಯಾದ ಜೆಸಿಎಲ್, ಬ್ಯಾಚ್ ವೇಳಾಪಟ್ಟಿ ಯಾವುದೂ ಬದಲಾಗುವುದಿಲ್ಲ. ಬದಲಾಗುವುದು ದತ್ತಾಂಶ ಓದುವ ಬರೆಯುವ ಕರೆಗಳು ಮಾತ್ರ. ಡಿಬಿ2 ಬಳಸುವ ಪ್ರಶ್ನೆ ಭಾಷೆ ಎಸ್‌ಕ್ಯುಎಲ್ ಬಲ್ಲವರು ಎಲ್ಲೆಡೆ ಸಿಗುತ್ತಾರೆ. ತೊಡಕು ಏನೆಂದರೆ ಮೊದಲೇ ಗೊತ್ತಿರುವ ಜಾಡಿನಲ್ಲಿ ದಾಖಲೆ ಹೆಕ್ಕುವ ಕೆಲಸಕ್ಕೆ ಮರದ ರಚನೆ ಬಲು ಚುರುಕು. ಅದೇ ಕೆಲಸಕ್ಕೆ ರಿಲೇಷನಲ್ ಡೇಟಾಬೇಸ್ ಸಾಮಾನ್ಯವಾಗಿ ಹೆಚ್ಚು ಸಿಪಿಯು ಕೇಳುತ್ತದೆ, ಶಿಖರ ಏರಬಹುದು. ದೊಡ್ಡ ಎರಡು ಬ್ಯಾಚ್ ಜಾಬುಗಳನ್ನು ಮೊದಲೇ ಪರಿವರ್ತಿಸಿ ಅಳೆದರೆ ಇದು ಎರಡು ತಿಂಗಳಲ್ಲಿ ಗೊತ್ತಾಗುತ್ತದೆ.

ಪ್ರೋಗ್ರಾಮುಗಳನ್ನು ಹಾಗೇ ಎತ್ತಿ, ಮೇನ್‌ಫ್ರೇಮಿನ ವಾತಾವರಣವನ್ನು ಅನುಕರಿಸುವ ತಂತ್ರಾಂಶವಿರುವ ಸರ್ವರಿಗೆ ಒಯ್ಯುವುದನ್ನು ರೀಹೋಸ್ಟಿಂಗ್ ಎನ್ನುತ್ತಾರೆ. ಕೋಡ್ ಬದಲಾಗುವುದಿಲ್ಲ, ಬೇಗ ಮುಗಿಯುತ್ತದೆ ಎಂಬುದು ಇದರ ಆಕರ್ಷಣೆ, ಅದು ಬಹುಮಟ್ಟಿಗೆ ನಿಜವೂ ಹೌದು. ಆದರೆ ಅನುಕರಿಸುವ ಆ ತಂತ್ರಾಂಶಕ್ಕೂ ಲೈಸೆನ್ಸ್ ಇದೆ, ಅದರ ಒಡೆತನವೂ ಕೈ ಬದಲಾಯಿಸುತ್ತದೆ. ಈ ಕ್ಷೇತ್ರದ ಹಳೆಯ ಹೆಸರಾದ ಮೈಕ್ರೋ ಫೋಕಸ್ 2023ರಲ್ಲಿ ಓಪನ್‌ಟೆಕ್ಸ್ಟ್ ಪಾಲಾಯಿತು, ಅದರ ಮೇನ್‌ಫ್ರೇಮ್ ವಿಭಾಗ 2024ರಲ್ಲಿ ರಾಕೆಟ್ ಸಾಫ್ಟ್‌ವೇರ್ ಕೈಸೇರಿತು. ಒಬ್ಬ ಮಾರಾಟಗಾರನ ಹಿಡಿತದಿಂದ ಬಿಡಿಸಿಕೊಳ್ಳಲು ಇನ್ನೊಬ್ಬನ ಹಿಡಿತಕ್ಕೆ ಹೋಗುತ್ತಿದ್ದೇವೆಯೇ ಎಂದು ಕೇಳಿಕೊಳ್ಳಬೇಕು.

ಅದಕ್ಕಿಂತ ದೊಡ್ಡ ತೊಂದರೆ ಒಂದು ಭಾಗ ಮಾತ್ರ ಹೊರಗೆ ಹೋದಾಗ ಬರುತ್ತದೆ. ಒಂದೇ ಯಂತ್ರದೊಳಗೆ ಪ್ರೋಗ್ರಾಮ್ ಡೇಟಾಬೇಸನ್ನು ಕೇಳಿದರೆ ಉತ್ತರ ಕಣ್ಣು ಮಿಟುಕಿಸುವುದಕ್ಕಿಂತ ಬಹಳ ಮೊದಲೇ ಬಂದಿರುತ್ತದೆ. ಡೇಟಾಬೇಸ್ ಹೊರಗೆ ಹೋಗಿ, ಪ್ರೋಗ್ರಾಮ್ ಅಲ್ಲೇ ಉಳಿದು, ಮಧ್ಯೆ ನೆಟ್‌ವರ್ಕ್ ಬಂದರೆ ಒಂದು ಕರೆಗೆ ಒಂದು ಮಿಲಿಸೆಕೆಂಡ್ ಹೆಚ್ಚಿತೆನ್ನಿ. ಆನ್‌ಲೈನ್ ಪರದೆಯ ಮುಂದೆ ಕೂತವರಿಗೆ ಅದು ತಿಳಿಯುವುದೂ ಇಲ್ಲ. ರಾತ್ರಿಯ ಬ್ಯಾಚ್ ಜಾಬ್ ಒಂದರ ಹಿಂದೊಂದರಂತೆ ಐದು ಕೋಟಿ ಕರೆ ಮಾಡುವುದಾದರೆ ಹೆಚ್ಚುವ ಹೊತ್ತು 50,000 ಸೆಕೆಂಡ್, ಅಂದರೆ ಸುಮಾರು ಹದಿನಾಲ್ಕು ಗಂಟೆ. ಬೆಳಗಾಗುವುದರೊಳಗೆ ಮುಗಿಯಬೇಕಾದ ಕೆಲಸ ಮರುದಿನ ಮಧ್ಯಾಹ್ನ ದಾಟುತ್ತದೆ. ಆದ್ದರಿಂದ ಗಡಿ ಎಳೆಯುವುದು ಎಲ್ಲಿ ಎಂಬುದೇ ಇಲ್ಲಿ ಖರ್ಚಿನ ಮೂಲ. ಪರಸ್ಪರ ಹೆಚ್ಚು ಮಾತನಾಡುವ ಭಾಗಗಳು ಒಟ್ಟಿಗೇ ಹೋಗಬೇಕು.

ಕೋಬಾಲನ್ನು ಯಂತ್ರವೇ ಜಾವಾಕ್ಕೆ ಪರಿವರ್ತಿಸಿಕೊಡುವ ದಾರಿಯ ಬಗ್ಗೆ ನನಗೆ ಅನುಮಾನವಿದೆ. ಹೊರಬರುವ ಕೋಡ್ ಜಾವಾ ವೇಷದ ಕೋಬಾಲ್ ಆಗಿರುತ್ತದೆ. ಅದೇ ಪ್ಯಾರಾಗ್ರಾಫ್ ಹೆಸರುಗಳು, ಅದೇ ಜಿಗಿತಗಳು, ಪ್ರೋಗ್ರಾಮಿನ ಎಲ್ಲೆಡೆಯಿಂದ ಬದಲಾಯಿಸಬಹುದಾದ ಅದೇ ಗ್ಲೋಬಲ್ ವೇರಿಯಬಲ್‌ಗಳು. ಕೋಬಾಲ್ ಬಲ್ಲವರಿಗೆ ಅದು ಅಪರಿಚಿತ, ಜಾವಾ ಬಲ್ಲವರಿಗೆ ಅಸಹನೀಯ. ಜನ ಸಿಗುವುದಿಲ್ಲವೆಂಬ ಕಾರಣಕ್ಕೆ ಹೊರಟವರಿಗೆ ಇದರಿಂದ ಸಿಗುವುದು ಕಡಿಮೆ. ಕೃತಕ ಬುದ್ಧಿಮತ್ತೆಯ ಸಾಧನಗಳು ಹಳೆಯ ಕೋಡನ್ನು ವಿವರಿಸಿ ಹೇಳುವಲ್ಲಿ ನಿಜಕ್ಕೂ ನೆರವಾಗುತ್ತಿವೆ, ಆದರೆ ಪರೀಕ್ಷೆಯ ಖರ್ಚನ್ನು ಅವು ಅಳಿಸುವುದಿಲ್ಲ. ಸಿದ್ಧ ಪ್ಯಾಕೇಜ್ ಕೊಳ್ಳುವುದು ನಿಮ್ಮ ಕೆಲಸದ ರೀತಿಯನ್ನು ಪ್ಯಾಕೇಜಿಗೆ ತಕ್ಕಂತೆ ಬದಲಾಯಿಸಲು ಒಪ್ಪುವುದಾದರೆ ಮಾತ್ರ ಸರಿ. ಪ್ಯಾಕೇಜನ್ನೇ ನಿಮಗೆ ತಕ್ಕಂತೆ ಬಗ್ಗಿಸಲು ಹೊರಟರೆ ಅದು ಹೊಸದಾಗಿ ಬರೆಯುವುದಕ್ಕಿಂತ ದುಬಾರಿ.

ಹೊಸದಾಗಿ ಬರೆಯುವುದೂ ಬಲು ದುಬಾರಿ, ಬಲು ನಿಧಾನ. ಆದರೂ ವ್ಯವಹಾರದ ನಿಯಮಗಳೇ ಬದಲಾಗುತ್ತಿರುವಾಗ ಸರಿಯಾದ ಆಯ್ಕೆ ಇದೊಂದೇ. ಆಸ್ಟ್ರೇಲಿಯಾದ ಕಾಮನ್‌ವೆಲ್ತ್ ಬ್ಯಾಂಕ್ ತನ್ನ ಮೂಲ ವ್ಯವಸ್ಥೆಯನ್ನು ಬದಲಿಸಲು 2008ರಲ್ಲಿ ಹೊರಟಾಗ ಪ್ರಕಟಿಸಿದ ಅಂದಾಜು 58 ಕೋಟಿ ಆಸ್ಟ್ರೇಲಿಯನ್ ಡಾಲರ್. ಮುಗಿಯುವಾಗ ಐದು ವರ್ಷ ಹಿಡಿದು 100 ಕೋಟಿ ದಾಟಿತ್ತು. ಇದು ಯಶಸ್ವಿಯಾದ ಯೋಜನೆಯ ಲೆಕ್ಕ ಎಂಬುದನ್ನು ನೆನಪಿಡಿ.

ಈ ಎಲ್ಲ ದಾರಿಗಳಿಗೂ ಮೊದಲು ಮಾಡಬೇಕಾದ ಒಂದು ಕೆಲಸವಿದೆ: ಬೇಡವಾದದ್ದನ್ನು ನಿಲ್ಲಿಸುವುದು. ನಾನಿದ್ದ ಒಂದು ತಂಡದಲ್ಲಿ ರಾತ್ರಿ ತಯಾರಾಗುತ್ತಿದ್ದ ವರದಿಗಳಲ್ಲಿ ಅರ್ಧದಷ್ಟನ್ನು ತಯಾರಿಸಿ, ಯಾರಿಗೂ ಕಳುಹಿಸದೆ ಒಂದು ತಿಂಗಳು ಸುಮ್ಮನೆ ಇಟ್ಟುಕೊಂಡೆವು. ಎಲ್ಲಿ ನಮ್ಮ ವರದಿ ಎಂದು ಕೇಳಿ ಬಂದವರು ಬೆರಳೆಣಿಕೆಯಷ್ಟು. ಉಳಿದವುಗಳ ಜಾಬುಗಳನ್ನು ವೇಳಾಪಟ್ಟಿಯಿಂದಲೇ ತೆಗೆದೆವು. ಸಾಗಿಸಬೇಕಾದ ಹೊರೆ ಹಗುರವಾದಷ್ಟೂ ಮೇಲಿನ ಎಲ್ಲ ಲೆಕ್ಕಗಳೂ ಇಳಿಯುತ್ತವೆ, ಇದಕ್ಕೆ ಯಾರ ಅನುಮೋದನೆಯ ಬಜೆಟ್ಟೂ ಬೇಕಿಲ್ಲ.

ನಾಲ್ಕು ಬೈಟುಗಳ ಖರ್ಚು

ಪರೀಕ್ಷೆಗೆ ಯಾಕೆ ಅಷ್ಟೊಂದು ಹಣ ಎಂದು ಹಣಕಾಸಿನವರು ಕೇಳುತ್ತಾರೆ. ಅವರಿಗೆ ಇದನ್ನು ತೋರಿಸಿ. ಕೋಬಾಲಿನಲ್ಲಿ ಐದು ಅಂಕಿ, ಎರಡು ದಶಮಾಂಶ ಸ್ಥಾನದ ಪ್ಯಾಕ್ಡ್ ಡೆಸಿಮಲ್ (ಒಂದು ಬೈಟಿನಲ್ಲಿ ಎರಡು ಅಂಕಿಗಳನ್ನು ಒತ್ತಿಡುವ ರೂಪ) ಸಂಖ್ಯೆಯಾಗಿ 12345.67 ಅನ್ನು ಇಟ್ಟರೆ ಡಿಸ್ಕಿನಲ್ಲಿ ಕಾಣುವುದು 12 34 56 7ಸಿ ಎಂಬ ನಾಲ್ಕು ಬೈಟುಗಳು. ಕೊನೆಯ ಸಿ ಧನ ಚಿಹ್ನೆ, ಋಣವಾಗಿದ್ದರೆ ಡಿ. ದಶಮಾಂಶ ಬಿಂದು ಎಲ್ಲಿದೆ? ಆ ಬೈಟುಗಳಲ್ಲಿ ಎಲ್ಲೂ ಇಲ್ಲ, ಅದು ಇರುವುದು ದಾಖಲೆಯ ವಿನ್ಯಾಸವನ್ನು ಬರೆದಿಟ್ಟ ಕಾಪಿಬುಕ್ಕಿನಲ್ಲಿ ಮಾತ್ರ. ಅದೇ ನಾಲ್ಕು ಬೈಟುಗಳಿಗೆ ದಾಖಲೆಯ ಬಗೆ ಬದಲಾದಾಗ ಬೇರೆ ಅರ್ಥ ಕೊಡುವ ರೀಡಿಫೈನ್ಸ್ ಎಂಬ ಸೂಚನೆ ಅಲ್ಲಿದ್ದರೆ, ಮೇನ್‌ಫ್ರೇಮಿನ ಅಕ್ಷರ ಸಂಕೇತವಾದ ಎಬ್ಸಿಡಿಕ್‌ನಿಂದ ಯೂನಿಕೋಡಿಗೆ ಕಣ್ಣು ಮುಚ್ಚಿ ಪರಿವರ್ತಿಸಿದವರು ಹಣದ ಮೊತ್ತವನ್ನು ಅಕ್ಷರಗಳೆಂದು ತಿಳಿದು ಚಿಂದಿ ಮಾಡಿರುತ್ತಾರೆ.

ಲೆಕ್ಕದಲ್ಲೂ ಹಾಗೆಯೇ. 1234.56ಕ್ಕೆ ವರ್ಷಕ್ಕೆ ಶೇ 7.25ರ ಬಡ್ಡಿಯಲ್ಲಿ ಒಂದು ತಿಂಗಳಿಗೆ ಬರುವುದು 7.4588. ರೌಂಡೆಡ್ ಎಂದು ಬರೆಯದ ಕೋಬಾಲ್ ಪ್ರೋಗ್ರಾಮ್ ಬಾಲವನ್ನು ಕತ್ತರಿಸಿ 7.45 ಎನ್ನುತ್ತದೆ, ಹೊಸ ಪ್ರೋಗ್ರಾಮ್ ಬರೆದವರು ಸಹಜವಾಗಿ 7.46 ಎನ್ನುತ್ತಾರೆ. ಯಾವುದು ಸರಿ ಎಂಬುದು ಬೇರೆ ಮಾತು, ಲಕ್ಷಾಂತರ ಖಾತೆಗಳಲ್ಲಿ ತಿಂಗಳ ಕೊನೆಗೆ ಎರಡು ಕಡೆಯ ಮೊತ್ತ ತಾಳೆಯಾಗುವುದಿಲ್ಲ. ವಿಂಗಡಣೆಯ ಕ್ರಮವೂ ಬೇರೆ: ಎಬ್ಸಿಡಿಕ್‌ನಲ್ಲಿ ಅಕ್ಷರಗಳ ನಂತರ ಅಂಕಿಗಳು, ಇತರ ಕಂಪ್ಯೂಟರುಗಳ ಆಸ್ಕಿ ಸಂಕೇತದಲ್ಲಿ ಅಂಕಿಗಳ ನಂತರ ಅಕ್ಷರಗಳು. ಎರಡು ಫೈಲುಗಳನ್ನು ಸಾಲು ಸಾಲಾಗಿ ಹೊಂದಿಸುವ ಪ್ರೋಗ್ರಾಮಿಗೆ ಒಂದು ಫೈಲ್ ಹಳೆಯ ಕ್ರಮದಲ್ಲಿ, ಇನ್ನೊಂದು ಹೊಸ ಕ್ರಮದಲ್ಲಿ ಬಂದರೆ ಅದು ಎಲ್ಲೂ ಮುಗ್ಗರಿಸದೆ, ತಪ್ಪು ಸಂದೇಶವನ್ನೂ ಕೊಡದೆ, ಸಾವಿರಾರು ದಾಖಲೆಗಳನ್ನು ಹೊಂದಿಕೆಯಿಲ್ಲ ಎಂದು ಬದಿಗೆ ಹಾಕುತ್ತದೆ. ಇಂಥದ್ದನ್ನು ಹಿಡಿಯಲು ಒಂದೇ ಉಪಾಯ, ಎರಡನ್ನೂ ಜೊತೆಯಲ್ಲಿ ಓಡಿಸಿ ಫಲಿತಾಂಶವನ್ನು ಬೈಟಿಗೆ ಬೈಟು ಹೋಲಿಸುವುದು. ತಿಂಗಳ ಕೊನೆ, ತ್ರೈಮಾಸಿಕದ ಕೊನೆ, ವರ್ಷದ ಕೊನೆ, ಮೂರನ್ನೂ ಕನಿಷ್ಠ ಒಮ್ಮೆ ದಾಟಬೇಕು. ಈ ಹೋಲಿಕೆಯ ಜಾಬುಗಳು ಓಡುವುದೂ ಮೇನ್‌ಫ್ರೇಮಿನ ಮೇಲೆಯೇ. ಅವನ್ನು ಹಗಲು ಶಿಖರದ ಹೊತ್ತಿಗೆ ಬಿಟ್ಟರೆ ಬಿಡಲು ಹೊರಟ ಯಂತ್ರದ ಬಿಲ್ಲೇ ಹೆಚ್ಚುತ್ತದೆ.

ಎರಡು ದೋಣಿಯ ಕಾಲ

ಒಂದೇ ರಾತ್ರಿಯಲ್ಲಿ ಎಲ್ಲವನ್ನೂ ಬದಲಿಸಿದರೆ ಎರಡನ್ನೂ ನಡೆಸುವ ಕಾಲ ತಪ್ಪುತ್ತದಲ್ಲ ಎಂದು ಕೇಳಬಹುದು. ಬ್ರಿಟನ್ನಿನ ಟಿಎಸ್‌ಬಿ ಬ್ಯಾಂಕ್ 2018ರ ಏಪ್ರಿಲ್‌ನಲ್ಲಿ ಸುಮಾರು 52 ಲಕ್ಷ ಗ್ರಾಹಕರ ದಾಖಲೆಗಳನ್ನು ಒಂದು ವಾರಾಂತ್ಯದಲ್ಲಿ ಹೊಸ ವ್ಯವಸ್ಥೆಗೆ ಸಾಗಿಸಿತು. ದತ್ತಾಂಶ ಸರಿಯಾಗಿಯೇ ದಾಟಿತು, ಆದರೆ ಹೊಸ ವ್ಯವಸ್ಥೆ ಭಾರ ತಾಳಲಿಲ್ಲ. 19 ಲಕ್ಷದಷ್ಟು ಜನರಿಗೆ ತಮ್ಮ ಖಾತೆಗಳೇ ಸಿಗದಂತಾದವು. ಸರಿಪಡಿಸುವಿಕೆ, ಪರಿಹಾರ, ವಂಚನೆಯ ನಷ್ಟ ಎಲ್ಲ ಸೇರಿ ಬ್ಯಾಂಕಿಗೆ ಆದ ಖರ್ಚು ಸುಮಾರು 33 ಕೋಟಿ ಪೌಂಡ್. 2022ರ ಡಿಸೆಂಬರ್‌ನಲ್ಲಿ ನಿಯಂತ್ರಕರು ಅದರ ಮೇಲೆ 4.8 ಕೋಟಿ ಪೌಂಡಿಗೂ ಹೆಚ್ಚು ದಂಡ ಹಾಕಿದರು. ಎರಡನ್ನೂ ನಡೆಸುವ ಖರ್ಚನ್ನು ಉಳಿಸುವ ಆಸೆಯನ್ನು ಈ ಅಂಕಿಗಳ ಪಕ್ಕದಲ್ಲಿಟ್ಟು ನೋಡಬೇಕು.

ಹಾಗಾದರೆ ಭಾಗ ಭಾಗವಾಗಿ ಹೋಗಬೇಕು, ಆ ಕಾಲವನ್ನು ಚಿಕ್ಕದಾಗಿಡಬೇಕು. ನನ್ನ ಅನುಭವದಲ್ಲಿ ಖರ್ಚನ್ನು ಅತಿ ಹೆಚ್ಚು ಎಳೆಯುವುದು ಎರಡೂ ಕಡೆ ಬರೆಯಲು ಬಿಡುವುದು. ಗ್ರಾಹಕರ ವಿಳಾಸ ಹಳೆಯ ಕಡೆಯೂ ಬದಲಾಗಬಹುದು, ಹೊಸ ಕಡೆಯೂ ಬದಲಾಗಬಹುದು, ಎರಡೂ ಒಂದಕ್ಕೊಂದು ತಿಳಿಸುತ್ತಿರಬೇಕು ಎಂದಾದರೆ ಆ ಹೊಂದಾಣಿಕೆಯ ತಂತ್ರಾಂಶವೇ ಮೂರನೆಯ ವ್ಯವಸ್ಥೆಯಾಗಿ ಬೆಳೆದು ನಿಲ್ಲುತ್ತದೆ, ಅದಕ್ಕೂ ಒಂದು ತಂಡ ಬೇಕಾಗುತ್ತದೆ. ಪ್ರತಿಯೊಂದು ಬಗೆಯ ದಾಖಲೆಗೂ ಯಾವುದೇ ದಿನ ಒಂದೇ ಯಜಮಾನ ಇರಲಿ. ಮೊದಲು ದತ್ತಾಂಶವನ್ನು ಬದಲಾಯಿಸದೆ ಬರೀ ಓದುವವರನ್ನು (ಜನರನ್ನೂ ಪ್ರೋಗ್ರಾಮುಗಳನ್ನೂ) ಹೊಸ ಕಡೆಗೆ ಕಳುಹಿಸಿ. ಹಳೆಯದರಲ್ಲಿ ಆಗುವ ಬದಲಾವಣೆಗಳು ಒಂದೇ ದಿಕ್ಕಿನಲ್ಲಿ ಹೊಸದಕ್ಕೆ ಹರಿಯಲಿ. ಓದುವವರೆಲ್ಲ ಹೋದ ಮೇಲೆ ಬರೆಯುವುದನ್ನು ಒಂದೊಂದೇ ಬಗೆಯಾಗಿ ದಾಟಿಸಿ. ಹೀಗೆ ಓದುವವರನ್ನು ಲೆಕ್ಕ ಹಾಕುವಾಗ ದಾಖಲೆಯಲ್ಲಿಲ್ಲದವರು ಸಿಗುತ್ತಾರೆ: ತಡರಾತ್ರಿ ಫೈಲ್ ಎಳೆದುಕೊಳ್ಳುವ ಒಂದು ಎಫ್‌ಟಿಪಿ ಜಾಬ್, ಲೆಕ್ಕಪರಿಶೋಧಕರು ವರ್ಷಕ್ಕೊಮ್ಮೆ ಓಡಿಸುವ ಒಂದು ಪ್ರೋಗ್ರಾಮ್. ಇಂಥ ಪ್ರತಿ ಅನಾಮಧೇಯ ಓದುಗನೂ ಹಳೆಯದನ್ನು ನಿಲ್ಲಿಸುವ ದಿನವನ್ನು ಮುಂದೂಡುತ್ತಾನೆ.

ಆ ದಿನಾಂಕವನ್ನು ಒಪ್ಪಂದದಲ್ಲೇ ಬರೆಸಿ. ಹೊಸದು ಚಾಲೂ ಆದ ದಿನಕ್ಕೆ ಗುತ್ತಿಗೆದಾರರ ಕೊನೆಯ ಕಂತು ಬೇಡ, ಹಳೆಯದು ನಿಂತ ದಿನಕ್ಕೆ ಇರಲಿ. ಶೇ 95ರಷ್ಟು ಸಾಗಿಸಿ ನಿಂತ ಯೋಜನೆಯಲ್ಲಿ ಉಳಿತಾಯ ಶೇ 95 ಆಗುವುದಿಲ್ಲ. ಉಳಿದ ಐದಕ್ಕಾಗಿ ಪೂರ್ತಿ ಲೈಸೆನ್ಸ್ ಕಟ್ಟುತ್ತಿರುತ್ತೀರಿ.

ಹಳೆಯ ದಾಖಲೆಗಳ ಖರ್ಚನ್ನೂ ಮರೆಯಬೇಡಿ. ಕಾನೂನಿನ ಪ್ರಕಾರ ಏಳು, ಹತ್ತು ವರ್ಷ ಕಾಯ್ದಿಡಬೇಕಾದ ದತ್ತಾಂಶಕ್ಕೆಂದೇ ಸಬ್‌ಸಿಸ್ಟಮ್ಮನ್ನು ಜೀವಂತವಾಗಿ ಇಟ್ಟುಕೊಂಡ ಕಡೆಗಳನ್ನು ನೋಡಿದ್ದೇನೆ. ಅದನ್ನು ಬೇರೆ ಯಾವುದೇ ಉತ್ಪನ್ನ ಓದಬಲ್ಲ ಸರಳ ರೂಪಕ್ಕೆ ಇಳಿಸಿ, ಪ್ರತಿ ಫೈಲಿನ ಜೊತೆ ಅದರ ಕಾಪಿಬುಕ್ಕನ್ನೂ, ದಾಖಲೆಯ ಬಗೆಗಳ ವಿವರವನ್ನೂ ಅದೇ ಕಡತದಲ್ಲಿ ಇಡಿ. ಈ ಕೆಲಸವನ್ನು ಯೋಜನೆಯ ಕೊನೆಗೆ ತಳ್ಳದೆ ಮೊದಲ ವರ್ಷವೇ ಮಾಡಿಸಿ, ಏಕೆಂದರೆ 12 34 56 7ಸಿ ಎಂಬುದರ ಬಿಂದು ಎಲ್ಲಿ ಬೀಳುತ್ತದೆಂದು ನೆನಪಿನಿಂದ ಹೇಳಬಲ್ಲವರು ಇನ್ನೂ ಕಚೇರಿಯಲ್ಲಿರುತ್ತಾರೆ.